ಪೊನ್ನವಾಡದ ಬಯಲು ಮತ್ತು ಗಿಡುಗನ ಗೂಡು

ವಿಜಯಪುರದಿಂದ, ಎಂದರೆ ಹಿಂದಿನ ಬಿಜಾಪುರದಿಂದ, ಪಶ್ಚಿಮಕ್ಕೆ ತೊರವಿ, ತಿಕೋಟಾಗಳನ್ನು ದಾಟಿ ಹೊನವಾಡದ ಕಡೆಗೆ ಸಾಗುವ ದಾರಿಯಲ್ಲಿ ಕಾಡೆಂದು ಕರೆಯಬಹುದಾದದ್ದು ಏನೂ ಇಲ್ಲ. ತಗ್ಗಿನಲ್ಲಿ ಎರೆಭೂಮಿ, ಎಂದರೆ ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಮಂಜು ಮತ್ತು ಮಣ್ಣಿನ ಹಸಿಯ ಬಲದಿಂದಲೇ ಬೆಳೆಯುವ ಆಳವಾದ ಕಪ್ಪು ನೆಲ. ದಿಬ್ಬದಲ್ಲಿ ಮರಡಿ, ಎಂದರೆ ಮಣ್ಣು ತೆಳುವಾಗಿ ಕಲ್ಲು ಮೇಲೆದ್ದು ಹುಲ್ಲು ಮಾತ್ರ ಹಬ್ಬುವ ನೆಲ. ಇವೆರಡರ ನಡುವೆ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಜಾಲಿ, ಬೇವು, ಹುಣಸೆ. ಜತ್ತದ ಕಡೆ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಡೋಣಿ ನದಿ ಈ ಸೀಮೆಯ ನೀರನ್ನು ಒಯ್ಯುತ್ತದೆ. ಗಿಡುಗ, ಹದ್ದು, ಚಾಣ ಮೊದಲಾದ ಬೇಟೆಹಕ್ಕಿಗಳಿಗೆ ದಟ್ಟವಾದ ಕಾಡಿಗಿಂತ ಇಂಥ ಬಯಲೇ ಹೆಚ್ಚು ಒಗ್ಗುತ್ತದೆ, ಏಕೆಂದರೆ ಇಲಿ, ಓತಿಕ್ಯಾತ, ಹಾವು, ಮಿಡತೆ, ನೆಲಗುಬ್ಬಿಗಳು ಮೇಲಿನಿಂದ ಕಣ್ಣಿಗೆ ಬೀಳುವುದು ಬಯಲಿನಲ್ಲಿಯೇ. ಈ ಹಕ್ಕಿಗಳನ್ನು ನೋಡುವ ರೂಢಿ ಇಲ್ಲಿಗೆ ಹೊಸದಲ್ಲ. ಆದರೆ ಯಾವ ಕಾಲದವರು ಯಾವ ಉದ್ದೇಶದಿಂದ ನೋಡಿದರು ಎಂಬುದರಲ್ಲಿ ದೊಡ್ಡ ವ್ಯತ್ಯಾಸವಿದೆ.

ಹೊನವಾಡದ ಹಳೆಯ ಹೆಸರು ಪೊನ್ನವಾಡ. 1054ರ ಇಲ್ಲಿಯ ಶಾಸನವು ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದ್ದು. ಆತನ ರಾಣಿ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಳೆಂದೂ ಅವಳ ಅಧಿಕಾರಿಯಾಗಿದ್ದ ಚಾಂಕಿರಾಜನು ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದನೆಂದೂ ಅದರಿಂದ ತಿಳಿಯುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಮತದ ಬಸದಿಯೊಂದು ನಿಂತ ಊರಿನ ಸುತ್ತಲ ನೆಲವನ್ನು ಆಳಿದ ಅದೇ ವಂಶದಲ್ಲಿ, ಸುಮಾರು ಮುಕ್ಕಾಲು ಶತಮಾನದ ಬಳಿಕ, ಗಿಡುಗದ ಬೇಟೆಯು ಶಾಸ್ತ್ರವಾಗಿ ರೂಪುಗೊಂಡಿತು. ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಅರಸನ ಬದುಕಿನ ಎಲ್ಲ ಮುಖಗಳನ್ನೂ ವಿವರಿಸುವ ಗ್ರಂಥ. ಅದರ ವಿನೋದಗಳ ಭಾಗದಲ್ಲಿ ಆನೆ, ಕುದುರೆ, ಮಲ್ಲಯುದ್ಧ, ಮೀನು ಹಿಡಿಯುವುದು ಇವುಗಳ ಸಾಲಿನಲ್ಲಿಯೇ ಶ್ಯೇನವಿನೋದಕ್ಕೂ ಒಂದು ಸ್ಥಾನವಿದೆ. ಶ್ಯೇನವೆಂದರೆ ಗಿಡುಗ, ಅದನ್ನು ಹಿಡಿಯುವ, ಪಳಗಿಸುವ, ಬೇರೆ ಹಕ್ಕಿಗಳ ಮೇಲೆ ಬಿಡುವ ಕ್ರಮವೇ ಆ ಅಧ್ಯಾಯದ ವಿಷಯ. ಬೇಟೆಯ ವಿನೋದಕ್ಕೆ ಹಕ್ಕಿಯ ಸ್ವಭಾವವನ್ನು ತಿಳಿದಿರಲೇಬೇಕು ಎಂಬ ನಿಲುವು ಅಲ್ಲಿ ಸ್ಪಷ್ಟವಾಗಿದೆ, ಮತ್ತು ಕನ್ನಡ ನಾಡಿನಲ್ಲಿ ಬೇಟೆಹಕ್ಕಿಗಳನ್ನು ಗಮನವಿಟ್ಟು ನೋಡಿದ್ದಕ್ಕೆ ಇಷ್ಟು ಹಳೆಯ, ಇಷ್ಟು ವಿಸ್ತಾರವಾದ ಸಾಕ್ಷಿ ಸುಲಭವಾಗಿ ಸಿಗುವಂಥದ್ದಲ್ಲ.

ಆದಿಲಶಾಹಿಗಳ ಕಾಲಕ್ಕೆ (1489ರ ಸುಮಾರಿನಿಂದ 1686) ಈ ವಿದ್ಯೆಗೆ ಪಾರಸಿ ಪರಿಭಾಷೆ ಬಂದು ಸೇರಿತು. ಎರಡನೆಯ ಇಬ್ರಾಹಿಂ ಆದಿಲಶಾಹನು ಕುದುರೆಯೇರಿ ಗಿಡುಗವನ್ನು ಹಿಡಿದು ಬೇಟೆಗೆ ಹೊರಟಿರುವ, 1590ರ ದಶಕದ ಚಿತ್ರವೊಂದು ಇಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಸಂಗ್ರಹದಲ್ಲಿದೆ; ಕಲಾ ಇತಿಹಾಸಕಾರರು ಅದನ್ನು ಫರ್ರುಖ್ ಬೇಗನ ಕೃತಿಯೆಂದು ಗುರುತಿಸುತ್ತಾರೆ. ಇದೇ ಸುಲ್ತಾನನು 1599ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸಲು ತೊಡಗಿದನಾದ್ದರಿಂದ, ಹೊನವಾಡದ ದಾರಿಯ ಮೊದಲ ಭಾಗವು ಆ ಕಾಲದಲ್ಲಿ ಅರಮನೆಯ ಹೊರ ಅಂಗಳವೇ ಆಗಿತ್ತೆನ್ನಬಹುದು.

ಬಾಜ್‌ದಾರರು, ಎಂದರೆ ಗಿಡುಗಗಳನ್ನು ಸಾಕುವ ನೌಕರರು, ತಮ್ಮ ಹಕ್ಕಿಗಳನ್ನು ಕಣ್ಣಿನ ಬಣ್ಣದಿಂದ ಎರಡು ಕುಲಗಳಾಗಿ ವಿಂಗಡಿಸುತ್ತಿದ್ದರು. ಸಿಯಾಹ್ ಚಶ್ಮ್ ಎಂಬ ಕಪ್ಪು ಕಣ್ಣಿನವು ಉದ್ದ ರೆಕ್ಕೆಯ ಚಾಣಗಳು: ಬಹರಿ, ಶಾಹಿನ್, ಲಗ್ಗರ್, ತುರುಮತಿ, ಇವು ಬಯಲಿನ ಆಕಾಶದಲ್ಲಿ ಎತ್ತರಕ್ಕೇರಿ ಬೇಟೆಯ ಮೇಲೆ ಎರಗುವಂಥವು. ಗುಲಾಬ್ ಚಶ್ಮ್ ಎಂಬ ಹಳದಿ ಕಣ್ಣಿನವು ಗಿಡ್ಡ ರೆಕ್ಕೆಯ ಗಿಡುಗಗಳು: ಉತ್ತರದಿಂದ ತರಿಸಬೇಕಾದ ದುಬಾರಿಯ ಬಾಜ್ ಮತ್ತು ಊರೂರಿನ ಬೇವಿನ ಮರದಲ್ಲಿಯೇ ಸಿಗುವ ಶಿಕ್ರಾ, ಎಂದರೆ ಕನ್ನಡದ ಬಿಜ್ಜು, ಇವು ಮರೆಯಿಂದ ಹೊರಟು ಕಡಿಮೆ ದೂರದಲ್ಲಿ ಬೇಟೆಯನ್ನು ಹಿಡಿಯುತ್ತವೆ. ಹೆಣ್ಣು ಗಂಡಿಗಿಂತ ದೊಡ್ಡದಾಗಿರುವುದು ಈ ಎಲ್ಲ ಹಕ್ಕಿಗಳ ಲಕ್ಷಣವಾದ್ದರಿಂದ ಒಂದೇ ಜಾತಿಯ ಹೆಣ್ಣು ಗಂಡುಗಳಿಗೆ ಬೇರೆ ಬೇರೆ ಹೆಸರುಗಳಿದ್ದವು. ಹೆಣ್ಣು ಬಾಜ್ ಆದರೆ ಗಂಡು ಜುರ್ರಾ, ಹೆಣ್ಣು ಶಿಕ್ರಾ ಆದರೆ ಗಂಡು ಚಿಪಕ್. ಇಂದಿನ ಪಕ್ಷಿಶಾಸ್ತ್ರವು ಚಾಣಗಳನ್ನೂ ಗಿಡುಗಗಳನ್ನೂ ಬೇರೆ ಬೇರೆ ಗಣಗಳಲ್ಲಿ ಇಡುವುದಕ್ಕೆ ಶತಮಾನಗಳ ಮೊದಲೇ ಸಾಕುವವರ ಕಣ್ಣು ಆ ಭೇದವನ್ನು ಹಿಡಿದಿತ್ತೆಂಬುದನ್ನು ಕಡೆಗಣಿಸುವಂತಿಲ್ಲ.

ಹೊಸದಾಗಿ ಹಿಡಿದ ಹಕ್ಕಿಯ ಕಣ್ಣುರೆಪ್ಪೆಗಳನ್ನು ನೂಲಿನಿಂದ ಹೊಲಿದು ಕೆಲವು ದಿನ ಕತ್ತಲಲ್ಲಿಟ್ಟು, ಮನುಷ್ಯನ ದನಿಗೂ ಕೈಗೂ ಒಗ್ಗಿಸಿ, ಹೊಲಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ಹಸಿವಿನ ಹದ ನೋಡಿ ಕೈಮೇಲೆ ಮಾಂಸ ಕೊಟ್ಟು, ಕೊನೆಗೆ ಉದ್ದನೆಯ ದಾರ ಕಟ್ಟಿ ಹಾರಿಸಿ ಕರೆಯುವುದು ಪಳಗಿಸುವ ಕ್ರಮವಾಗಿತ್ತು. ಇದು ಕ್ರೂರವೆಂದು ಈಗ ತೋರುವುದು ಸಹಜ. ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬಾಜ್‌ದಾರರಿಗೆ ಗೂಡಿನ ಬಗೆಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. ಗೂಡಿನಿಂದ ಎತ್ತಿ ತಂದ ಮರಿಗೆ ಬೇಟೆ ಬರುವುದಿಲ್ಲ, ಉಣ್ಣಿಸುವವನನ್ನು ಕಂಡೊಡನೆ ಕಿರುಚುವ ಚಟವೂ ಅದಕ್ಕೆ ಅಂಟಿಕೊಳ್ಳುತ್ತದೆ. ತಾಯಿಯಿಂದ ಬೇಟೆ ಕಲಿತು ಗೂಡು ಬಿಟ್ಟ, ಇನ್ನೂ ವರ್ಷ ತುಂಬದ ಹಕ್ಕಿಯೇ ಅವರಿಗೆ ಬೇಕಾಗಿತ್ತು. ಹೀಗಾಗಿ ಹಾರಾಟದ, ಆಹಾರದ, ರೋಗದ ಜ್ಞಾನವು ಅರಮನೆಯಲ್ಲಿ ಬೆಳೆಯಿತೇ ಹೊರತು ಮೊಟ್ಟೆ, ಕಾವು, ಮರಿಗಳ ಪೋಷಣೆ ಇವುಗಳ ಜ್ಞಾನ ಬೆಳೆಯಲಿಲ್ಲ.

ಹಕ್ಕಿಯನ್ನು ಹಿಡಿದು ತರುತ್ತಿದ್ದವರು ಬೇರೆಯೇ ಜನ. ಉತ್ತರ ಕರ್ನಾಟಕದ ಹರಣಶಿಕಾರಿಗಳು, ಮರಾಠಿ ಸೀಮೆಯಲ್ಲಿ ಪಾರಧಿಗಳೆಂದು ಕರೆಯಲ್ಪಡುವ ಸಮುದಾಯದವರು, ಕುಣಿಕೆ ಮತ್ತು ಬಲೆಗಳಿಂದ ಜಿಂಕೆ, ಕೌಜುಗ, ಲಾವಕ್ಕಿಗಳನ್ನು ಹಿಡಿಯುವುದರಲ್ಲಿ ನಿಪುಣರಾಗಿದ್ದರು; ಯಾವ ಹಕ್ಕಿ ಯಾವ ಬದುವಿನ ಯಾವ ಮರದಲ್ಲಿ ರಾತ್ರಿ ತಂಗುತ್ತದೆಂಬುದು ಇಂಥವರಿಗೆ ತಿಳಿದಷ್ಟು ಯಾವ ಗ್ರಂಥಕಾರನಿಗೂ ತಿಳಿದಿರಲಾರದು. ಭಾರತದ ಗಿಡುಗ ಹಿಡಿಯುವವರು ಬಳಸುತ್ತಿದ್ದ ಬಾಲ್ ಛತ್ರಿಯೆಂಬ ಸಾಧನವು, ಎಂದರೆ ಒಳಗೆ ಜೀವಂತ ಇಲಿಯನ್ನೋ ಗುಬ್ಬಿಯನ್ನೋ ಇಟ್ಟು ಮೇಲೆಲ್ಲ ಕುದುರೆಯ ಬಾಲದ ಕೂದಲಿನ ಕುಣಿಕೆಗಳನ್ನು ಕಟ್ಟಿದ ಬುಟ್ಟಿಯು, ಹಕ್ಕಿಗೆ ಗಾಯವಾಗದಂತೆ ಕಾಲನ್ನು ಮಾತ್ರ ಸಿಕ್ಕಿಸುವ ಜಾಣ್ಮೆಯದು. 1959ರಲ್ಲಿ ಬರ್ಜರ್ ಮತ್ತು ಮ್ಯೂಲರ್ ಎಂಬ ಅಮೆರಿಕದ ಸಂಶೋಧಕರು ಅದನ್ನು ತಂತಿಯಿಂದ ಮಾಡಿ, ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸಕ್ಕೆ ಬಳಸಬಹುದೆಂದು ತೋರಿಸಿದ ಮೇಲೆ ಜಗತ್ತಿನ ಎಲ್ಲೆಡೆ ಗಿಡುಗಗಳ ಅಧ್ಯಯನಕ್ಕೆ ಅದೇ ಮುಖ್ಯ ಸಾಧನವಾಯಿತು, ಹೆಸರು ಸಹ ಬದಲಾಗದೆ ಉಳಿಯಿತು. ಇತ್ತ, ಇಂಥ ಕೌಶಲ ಬಲ್ಲ ಸಮುದಾಯಗಳನ್ನು ಬ್ರಿಟಿಷ್ ಆಡಳಿತವು ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ತಂದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಸೆಟಲ್‌ಮೆಂಟಿನಂಥ ಕಾವಲಿನ ವಸತಿಗಳಲ್ಲಿ ಕೂಡಿಹಾಕಿತು. 1952ರಲ್ಲಿ ಆ ಕಾಯಿದೆ ದೇಶದಾದ್ಯಂತ ರದ್ದಾಗುವ ಹೊತ್ತಿಗೆ ಬಯಲಿನ ಜ್ಞಾನದ ಒಂದೆರಡು ತಲೆಮಾರುಗಳು ಬೇಲಿಯೊಳಗೇ ಕಳೆದುಹೋಗಿದ್ದವು. ಈ ನಷ್ಟವನ್ನು ಪಕ್ಷಿಶಾಸ್ತ್ರದ ಇತಿಹಾಸಗಳು ಲೆಕ್ಕಕ್ಕೆ ಹಿಡಿಯದಿರುವುದು ಸರಿಯಲ್ಲ.

ಗೂಡನ್ನು ಗೂಡಾಗಿಯೇ ನೋಡಿದ ಮೊದಲಿಗರು ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳು, ಮತ್ತು ಅವರು ಬಹುಮಟ್ಟಿಗೆ ಗೂಡುಗಳನ್ನು ಲೂಟಿ ಮಾಡಿದವರು. ಮದರಾಸು ಸೇನೆಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಹಕ್ಕಿಗಳ ಗ್ರಂಥದಲ್ಲಿ ಹಳೆಯ ಬಾಜ್‌ದಾರರ ಅನುಭವ ಇನ್ನೂ ಉಸಿರಾಡುತ್ತಿದೆ. ಶಾಹಿನ್ ಚಾಣವನ್ನು ಕೈಯಿಂದ ನೇರವಾಗಿ ಬೇಟೆಯ ಮೇಲೆ ಬಿಡದೆ, ಬೇಟೆಗಾರರ ತಲೆಯ ಮೇಲೆ ಎತ್ತರದಲ್ಲಿ ಸುತ್ತುತ್ತ ಕಾಯುವಂತೆ ಪಳಗಿಸುತ್ತಿದ್ದ ಕ್ರಮವನ್ನೂ ತುರುಮತಿಯನ್ನು ನೀಲಕಂಠದ ಮೇಲೆ ಬಿಡುತ್ತಿದ್ದುದನ್ನೂ ಆತ ವರ್ಣಿಸಿದ್ದಾನೆ. ಮುಂದಿನ ತಲೆಮಾರಿನ ಗುರಿ ಮೊಟ್ಟೆ. ಮುಂದೆ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬನಾದ ಅಲನ್ ಆಕ್ಟೇವಿಯನ್ ಹ್ಯೂಮ್ 1872ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪಕ್ಷಿಶಾಸ್ತ್ರ ಪತ್ರಿಕೆಯನ್ನು ಆರಂಭಿಸಿ, ದೇಶದ ಉದ್ದಗಲಕ್ಕೂ ಕಲೆಕ್ಟರರು, ಸೈನಿಕರು, ಇಂಜಿನಿಯರುಗಳು, ಪಾದ್ರಿಗಳ ಪತ್ರಜಾಲವನ್ನು ಕಟ್ಟಿ, ಅವರು ಕಳುಹಿಸಿದ ಮಾಹಿತಿಯಿಂದ 1873ರಲ್ಲಿ ಭಾರತೀಯ ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳ ಗ್ರಂಥವನ್ನು ಹೊರತಂದನು. ದಖ್ಖನ್ನಿನ ಮಟ್ಟಿಗೆ ಇದೇ ಪತ್ರಿಕೆಯಲ್ಲಿ 1878ರಲ್ಲಿ ಡೇವಿಡ್‌ಸನ್ ಮತ್ತು ವೆಂಡನ್ ಬರೆದ ಲೇಖನವೂ, 1881ರಲ್ಲಿ ಕ್ಯಾಪ್ಟನ್ ಬಟ್ಲರ್ ಸಿದ್ಧಪಡಿಸಿದ, ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೂ ಮುಖ್ಯವಾದವು. ಬೆಳಗಾವಿ, ಧಾರವಾಡ, ಬಿಜಾಪುರಗಳ ಕನ್ನಡ ನಾಡನ್ನು ಆಗಿನ ಆಡಳಿತ ದಕ್ಷಿಣ ಮರಾಠಾ ಸೀಮೆಯೆಂದೇ ಕರೆಯುತ್ತಿತ್ತು.

ಮೊಟ್ಟೆ ಸಂಗ್ರಹಕಾರನ ಕೆಲಸದಲ್ಲಿ ಶಿಸ್ತಿತ್ತು. ಗೂಡನ್ನು ಪತ್ತೆ ಹಚ್ಚಿ, ಹಕ್ಕಿಯ ಜಾತಿಯನ್ನು ಖಚಿತಪಡಿಸಿಕೊಂಡು, ಆಳುಗಳನ್ನು ಮರ ಹತ್ತಿಸಿ, ಇಡೀ ಸೂಲಿನ ಮೊಟ್ಟೆಗಳನ್ನು ಇಳಿಸಿ, ಮೊಟ್ಟೆಯ ಪಕ್ಕದಲ್ಲಿ ಒಂದೇ ಸಣ್ಣ ರಂಧ್ರ ಕೊರೆದು ಒಳಗಿನದನ್ನು ಊದಿ ತೆಗೆದು, ತಾರೀಖು, ಊರು, ಮರದ ಜಾತಿ, ನೆಲದಿಂದ ಎತ್ತರ, ಗೂಡಿನ ಒಳಪದರಕ್ಕೆ ಬಳಸಿದ ವಸ್ತು ಇವನ್ನೆಲ್ಲ ಬರೆದಿಡಬೇಕಾಗಿತ್ತು. ದಖ್ಖನ್ನಿನ ಬಯಲಿನಲ್ಲಿ ಕಂದು ಹದ್ದು ಮುಳ್ಳುಜಾಲಿಯ ನೆತ್ತಿಯ ಮೇಲೆ ಕಡ್ಡಿಗಳ ಅಟ್ಟ ಕಟ್ಟುತ್ತದೆ, ತುರುಮತಿ ತಾನಾಗಿ ಗೂಡು ಕಟ್ಟದೆ ಕಾಗೆ ಬಿಟ್ಟುಹೋದ ಗೂಡನ್ನೇ ಹಿಡಿಯುತ್ತದೆ, ಹಾವುಗಿಡುಗ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ ಎಂಬ ಸಂಗತಿಗಳು ಪುಸ್ತಕಕ್ಕೆ ಬಂದದ್ದು ಹೀಗೆ. ಒಂದೇ ಮೊಟ್ಟೆಯಿಡುವ ಹಕ್ಕಿಯ ಆ ಒಂದು ಮೊಟ್ಟೆಯನ್ನು ಎತ್ತಿಕೊಂಡು ಹೋದರೆ ಆ ವರ್ಷದ ಸಂತಾನವೇ ಹೋಯಿತೆಂಬುದು ಬರೆದವರಿಗೆ ಗೊತ್ತಿರಲಿಲ್ಲವೆಂದಲ್ಲ. ಬ್ರಿಟನ್ನು ತನ್ನ ನೆಲದಲ್ಲಿ ಕಾಡುಹಕ್ಕಿಗಳ ಮೊಟ್ಟೆ ಸಂಗ್ರಹವನ್ನು ನಿಷೇಧಿಸಿದ್ದು 1954ರಷ್ಟು ತಡವಾಗಿ. ಆದರೂ ಗೂಡು ಕಟ್ಟುವ ತಿಂಗಳು, ಆಯ್ದುಕೊಳ್ಳುವ ಮರ ಇವುಗಳ ಬಗೆಗೆ ಇಂದಿನ ವೀಕ್ಷಕ ತಿಳಿದುಕೊಂಡಿರುವುದರ ಅಡಿಪಾಯ ಈ ಲೂಟಿಗಾರರ ಟಿಪ್ಪಣಿಗಳೇ ಎಂಬ ಮಾತನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಹ್ಯೂಮನ ಪತ್ರಿಕೆ ಹುಟ್ಟಿದ ಅದೇ 1870ರ ದಶಕದಲ್ಲಿ ಈ ನೆಲ ಬೇರೊಂದು ಪಾಠವನ್ನೂ ಕಂಡಿತು. 1876ರಿಂದ 1878ರ ಮಹಾಕ್ಷಾಮವು ಆಗ ಕಲಾದಗಿ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶವನ್ನು ಬರಿದು ಮಾಡಿದ ಬೆನ್ನಿಗೇ, 1878–79ರ ಹಿಂಗಾರಿನಲ್ಲಿ ದಖ್ಖನ್ನಿನ ಎರೆಭೂಮಿಯ ಜಿಲ್ಲೆಗಳ ಮೇಲೆ ಇಲಿಗಳ ಹಾವಳಿ ಎದ್ದು, ಮಳೆ ಚೆನ್ನಾಗಿ ಬಂದು ಕೈಗೆ ಸಿಗಬೇಕಾಗಿದ್ದ ಜೋಳದ ಬೆಳೆಯನ್ನೂ ನೆಲಕ್ಕುರುಳಿಸಿತು. ಸರ್ಕಾರವು ಸತ್ತ ಇಲಿಗಳಿಗೆ ಇನಾಮು ಕೊಡಬೇಕಾಯಿತು. ಇಂಥ ವರ್ಷಗಳಲ್ಲಿ ಇಲಿ ತಿನ್ನುವ ಹಕ್ಕಿಗಳ ಸಂಖ್ಯೆ ಇಲಿಗಳಷ್ಟು ವೇಗವಾಗಿ ಏರಲಾರದು. ಬೂದು ಬಿಳುಪಿನ ಮೈ, ಕಪ್ಪು ಹೆಗಲು, ಕೆಂಪು ಕಣ್ಣಿನ ರಾಮದಾಸ ಹದ್ದು ಮಾತ್ರ ಇಲಿ ಹೇರಳವಾದಾಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಗೂಡು ಕಟ್ಟಬಲ್ಲದು. ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಾಲು ಇಳಿಬಿಟ್ಟು ಇಳಿಯುವ ಈ ಹಕ್ಕಿಯನ್ನು ಒಕ್ಕಲಿಗನ ನಿಜವಾದ ಸಹಾಯಕನೆಂದರೆ ಉತ್ಪ್ರೇಕ್ಷೆಯಾಗದು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸಲೀಂ ಅಲಿ ನಡೆಸಿದ ಪ್ರಾದೇಶಿಕ ಸಮೀಕ್ಷೆಗಳು ದಕ್ಷಿಣ ಭಾರತದ ಪಕ್ಷಿಶಾಸ್ತ್ರಕ್ಕೆ ಹೊಸ ತಳಹದಿ ಹಾಕಿದವು: 1930ರ ದಶಕದ ಆರಂಭದಲ್ಲಿ ಹೈದರಾಬಾದು ಸಂಸ್ಥಾನ, 1939–40ರಲ್ಲಿ ಮೈಸೂರು ಸಂಸ್ಥಾನ. ಈ ಸಮೀಕ್ಷೆಗಳ ವೆಚ್ಚಕ್ಕೆ ಆಸರೆಯಾದವು ಸಂಸ್ಥಾನಗಳು. ಆದ್ದರಿಂದ ಅವುಗಳ ಗಡಿಯೇ ಸಮೀಕ್ಷೆಯ ಗಡಿಯಾಯಿತು. ಪೂರ್ವದ ಕಲಬುರಗಿ ಸೀಮೆ ಒಂದರಲ್ಲಿ ಬಂತು, ದಕ್ಷಿಣದ ಚಿತ್ರದುರ್ಗ ಸೀಮೆ ಇನ್ನೊಂದರಲ್ಲಿ ಬಂತು. ನಡುವಿನ ಬಿಜಾಪುರ ಮುಂಬಯಿ ಪ್ರಾಂತದಲ್ಲಿದ್ದ ಕಾರಣ ಎರಡರಿಂದಲೂ ಹೊರಗುಳಿಯಿತು. ಹಕ್ಕಿಗೆ ಗಡಿಯಿಲ್ಲವೆಂಬ ಮಾತು ಎಷ್ಟೇ ಹಳೆಯದಾದರೂ ಹಕ್ಕಿಯ ದಾಖಲೆಗೆ ಗಡಿಯಿದೆ.

ಕಾನೂನಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1887 ಮತ್ತು 1912ರ ಕಾಯಿದೆಗಳ ಕಾಳಜಿ ಮುಖ್ಯವಾಗಿ ಶಿಕಾರಿಯ ಹಕ್ಕಿಗಳ ಬಗೆಗೆ ಇತ್ತು; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂಬುದರ ವ್ಯಾಖ್ಯೆಯಲ್ಲಿಯೇ ಹಕ್ಕಿಯ ಮೊಟ್ಟೆಗಳನ್ನು ಹಾಳುಮಾಡುವುದನ್ನೂ ಗೂಡನ್ನು ಕದಡುವುದನ್ನೂ ಸೇರಿಸಿ, ಬಾಜ್‌ದಾರನ ಕಸುಬನ್ನೂ ಮೊಟ್ಟೆ ಸಂಗ್ರಹಕಾರನ ಹವ್ಯಾಸವನ್ನೂ ಏಕಕಾಲಕ್ಕೆ ಮುಗಿಸಿತು. ಉಳಿದದ್ದು ದೂರದಿಂದ ನೋಡುವ ರೂಢಿಯೊಂದೇ. ಬೇರೆ ದೇಶಗಳಲ್ಲಿಯೂ ಇದು ಇಂಥದೇ ತಿರುವಿನಿಂದ ಹುಟ್ಟಿದೆ: ಅಮೆರಿಕದ ಪೆನ್ಸಿಲ್ವೇನಿಯಾದ ಬೆಟ್ಟವೊಂದರಲ್ಲಿ ವಲಸೆಯ ಗಿಡುಗಗಳನ್ನು ಮೋಜಿಗಾಗಿ ಗುಂಡಿಟ್ಟು ಉರುಳಿಸುತ್ತಿದ್ದ ಜಾಗವನ್ನು 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಗೇಣಿಗೆ ಪಡೆದು ಕಾವಲಿಟ್ಟ ಮೇಲೆ, ಅದೇ ಜಾಗ ಗಿಡುಗಗಳನ್ನು ಎಣಿಸುವ ಕೇಂದ್ರವಾಯಿತು.

ತಿಕೋಟಾ, ಹೊನವಾಡಗಳ ದಾರಿಯಲ್ಲಿ ನೋಡುವವನಿಗೆ ವರ್ಷವು ಎರಡು ಪಾಲಾಗಿ ತೋರುತ್ತದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸೆಳೆವಗಳು, ಎಂದರೆ ಉದ್ದ ರೆಕ್ಕೆಗಳನ್ನು ತುಸು ಮೇಲೆತ್ತಿ ಬೆಳೆಯ ಮೇಲೆಯೇ ತೇಲುತ್ತ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹುಡುಕುವ ಬೇಟೆಹಕ್ಕಿಗಳು, ಬರುತ್ತವೆ. ಅವು ರಾತ್ರಿ ಮರಕ್ಕೇರದೆ ಮರಡಿಯ ಹುಲ್ಲಿನಲ್ಲಿ ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ಜೋಳ ಹಾಲುಗಾಳಾಗಿ ಸೀತನಿಯ ಹದಕ್ಕೆ ಬರುವಾಗ ಗುಲಾಬಿ ಮೈಯ ಕಬ್ಬಕ್ಕಿಗಳ ದಂಡು ಇಳಿಯುತ್ತದೆ. ಅಟ್ಟದ ಮೇಲೆ ನಿಂತು ಕವಣೆ ಬೀಸುವ ಹಳೆಯ ಕಾವಲು ಹುಟ್ಟಿದ್ದೇ ಇಂಥ ಹಕ್ಕಿಗಳಿಗಾಗಿ. ಇವೆಲ್ಲ ಇಲ್ಲಿ ಉಣ್ಣುತ್ತವೆ, ಗೂಡು ಕಟ್ಟುವುದು ತಮ್ಮ ನಾಡಿನಲ್ಲಿ. ಇಲ್ಲಿಯೇ ಗೂಡು ಕಟ್ಟುವ ಜಾತಿಗಳು ಸುಗ್ಗಿಯ ಆಚೀಚೆ ಆ ಕೆಲಸಕ್ಕೆ ತೊಡಗುತ್ತವೆ: ದೊಡ್ಡ ಹದ್ದುಗಳು ಚಳಿಗಾಲದಲ್ಲಿಯೇ, ತುರುಮತಿ ಮತ್ತು ಬಿಳಿಗಣ್ಣಿನ ಗಿಡುಗ ಚಳಿ ಕಳೆಯುವ ಹೊತ್ತಿಗೆ, ಬಿಜ್ಜು ಬೇಸಿಗೆಯಲ್ಲಿ. ಬಿಜ್ಜಿನ ಗೂಡಿರುವ ಬೇವಿನ ಸುತ್ತ ಕಾಜಾಣಗಳ ಗಲಾಟೆ, ಮರಡಿಯ ಬರಿನೆಲದಲ್ಲಿ ಮೊಟ್ಟೆಯಿಟ್ಟ ಟಿಟ್ಟಿಭದ ಕೂಗು, ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ತೂಗುಗೂಡು ಇವೂ ಅದೇ ದಾರಿಯ ನೋಟಗಳು.

ನೆಲದ ಬಳಕೆ ಈಗ ಬದಲಾಗುತ್ತಿದೆ. ಏತ ನೀರಾವರಿ, ಎಂದರೆ ಕೃಷ್ಣೆಯ ನೀರನ್ನು ಯಂತ್ರಗಳಿಂದ ಎತ್ತರಕ್ಕೆ ಹಾಯಿಸುವ ಯೋಜನೆಗಳು, ಬಬಲೇಶ್ವರ ಮತ್ತು ತಿಕೋಟಾ ಸೀಮೆಗೆ ನೀರು ತಂದಿವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ತಿಕೋಟಾ ಹೆಸರಾಗಿದೆ. ಶತಮಾನಗಳ ಬರವನ್ನು ಉಂಡ ಜನಕ್ಕೆ ನೀರು ಬಂದದ್ದನ್ನು ದೂರುವುದು ಅವಿವೇಕ. ಆದರೆ ಚಪ್ಪರ ಹಾಕುವಾಗ ಬದುವಿನ ಹಳೆಯ ಜಾಲಿ, ಬೇವುಗಳು ಮೊದಲು ಹೋಗುತ್ತವೆ, ಮರಡಿಯ ಹುಲ್ಲುನೆಲ ಪಾಳುಭೂಮಿಯೆಂಬ ಹೆಸರಿನಲ್ಲಿ ಉಳುಮೆಗೋ ಗಿಡ ನೆಡುವುದಕ್ಕೋ ಒಳಗಾಗುತ್ತದೆ, ಸಿಂಪಡಿಸುವ ಕೀಟನಾಶಕ ಮಿಡತೆಯ ಮೂಲಕ ಗಿಡುಗದ ಹೊಟ್ಟೆ ಸೇರುತ್ತದೆ. 1995–96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಮಿಡತೆಗೆಂದು ಹೊಡೆದ ಮೊನೊಕ್ರೊಟೊಫಾಸ್‌ನಿಂದ ಒಂದೇ ಜಾತಿಯ ಸಾವಿರಾರು ವಲಸೆ ಗಿಡುಗಗಳು ಸತ್ತದ್ದು ಈ ಸರಪಳಿಯ ಅತ್ಯಂತ ಭೀಕರ ನಿದರ್ಶನ. ಗಿಡ ನೆಡುವ ಉತ್ಸಾಹಕ್ಕೂ ಒಂದು ಮಿತಿ ಬೇಕು, ಏಕೆಂದರೆ ಸೆಳೆವ, ನೆಲಗುಬ್ಬಿ, ಟಿಟ್ಟಿಭಗಳಿಗೆ ಮರವಿಲ್ಲದ ಹುಲ್ಲುನೆಲವೇ ಮನೆ; ಈ ಬಯಲುಗಳ ಎರೆಭೂತ, ಎಂದರೆ ಮಣಭಾರದ ಆ ದೊಡ್ಡ ನೆಲಹಕ್ಕಿ, ಕರ್ನಾಟಕದಲ್ಲಿ ಬೆರಳೆಣಿಕೆಗೆ ಇಳಿದದ್ದಕ್ಕೆ ಬೇಟೆಯಷ್ಟೇ ಹುಲ್ಲುನೆಲದ ನಾಶವೂ ಕಾರಣ.

ಸಂಸ್ಥಾನಗಳ ಸಮೀಕ್ಷೆಗಳ ನಡುವೆ ಬಿಟ್ಟುಹೋದ ಈ ಸೀಮೆಯ ದಾಖಲೆಯನ್ನು ತುಂಬುವ ಕೆಲಸ ಇಲ್ಲಿಯ ಶಾಲೆಗಳ ಶಿಕ್ಷಕರಿಂದ, ಒಕ್ಕಲಿಗರಿಂದ, ಕಾಲೇಜು ವಿದ್ಯಾರ್ಥಿಗಳಿಂದಲೇ ಆಗಬೇಕು. ಗೂಡು ಕಂಡವರು ಮರ ಹತ್ತದೆ, ಹಕ್ಕಿ ಎದ್ದು ಕೂಗುವಷ್ಟು ಸಮೀಪಕ್ಕೆ ಹೋಗದೆ, ತಾರೀಖು, ಮರದ ಜಾತಿ, ಸುತ್ತಲಿನ ಬೆಳೆ, ತಂದ ಆಹಾರ, ಹಾರಿಹೋದ ಮರಿಗಳ ಸಂಖ್ಯೆ ಇಷ್ಟನ್ನು ಬರೆದಿಡಲಿ; ಗೂಡಿನ ಖಚಿತ ಸ್ಥಳವನ್ನು ಮಾತ್ರ ಯಾರಿಗೂ ಸಾರದಿರಲಿ. ಹೊಲದ ಒಡೆಯರು ಗೂಡಿರುವ ಮರವನ್ನು ಕಡಿಯಲೇಬೇಕಾದರೆ ಮರಿಗಳು ಹಾರಿಹೋಗುವವರೆಗಾದರೂ ತಡೆಯಲಿ.